ಉಜ್ಜಿದ ಕಲ್ಲಿನ ಚರಿತ್ರೆ: ಕೂಡ್ಲಿಗಿ ಸೀಮೆಯಲ್ಲಿ ಕೊಡಲಿಯಿಂದ ಪಾಲಿಶ್ ಯಂತ್ರದವರೆಗೆ

ಕಲ್ಲಿಗೆ ಹೊಳಪು ತರುವುದೆಂದರೆ ಅದಕ್ಕಿಂತ ಗಟ್ಟಿಯಾದ ಕಣಗಳಿಂದ ಅದರ ಮೈಯನ್ನು ಉಜ್ಜುವುದು. ಮೊದಲು ಒರಟು ಕಣ, ಆಮೇಲೆ ಸಣ್ಣದು, ಕೊನೆಗೆ ಹಿಟ್ಟಿನಂಥದು. ಪ್ರತಿ ಹಂತದಲ್ಲೂ ಹಿಂದಿನ ಗೀರು ಅಳಿದು ಅದಕ್ಕಿಂತ ಸಣ್ಣ ಗೀರು ಉಳಿಯುತ್ತದೆ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಬೆಳಕು ಚದುರದೆ ಮರಳುತ್ತದೆ, ಕಲ್ಲು ಹೊಳೆಯುತ್ತದೆ. ಕಾನಹೊಸಹಳ್ಳಿಯ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮತ್ತು ಹಳೆಯ ಬಳ್ಳಾರಿ ಜಿಲ್ಲೆಯ ಉಳಿದ ಭಾಗಗಳಲ್ಲಿ ಈ ಕೆಲಸಕ್ಕೆ ಮೂರು ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಇಂದು ಮನೆಮನೆಗೆ ಬಂದಿರುವ ವಿದ್ಯುತ್ ಪಾಲಿಶ್ ಯಂತ್ರ ಅದರ ಕೊನೆಯ ಅಧ್ಯಾಯ. ಅದನ್ನು ಬಳಸುವಾಗ ವಹಿಸಬೇಕಾದ ಎಚ್ಚರಗಳಿಗೂ ಕಾರಣ ಈ ಇತಿಹಾಸದಲ್ಲೇ ಸಿಗುತ್ತದೆ.

ಬಂಡೆಯೇ ಸಾಣೆ

ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಕರೆಸಿಕೊಳ್ಳುವ ಗ್ರಾನೈಟ್ ಪಟ್ಟಿ ಉತ್ತರಕ್ಕೆ ಸುಮಾರು 400 ಕಿ.ಮೀ. ಹಬ್ಬಿದೆ. ಗುಡೇಕೋಟೆಯ ಕರಡಿ ಗುಡ್ಡಗಳೂ ಹಂಪಿಯ ಬಂಡೆಗಳೂ ಈ ಪಟ್ಟಿಗೆ ಸೇರಿದವು. ವಯಸ್ಸು ಸುಮಾರು 250 ಕೋಟಿ ವರ್ಷ. ಬಳ್ಳಾರಿ ಕಡೆಯ ಗ್ರಾನೈಟ್ ಗುಡ್ಡಗಳನ್ನು ಅಲ್ಲಲ್ಲಿ ಸೀಳಿಕೊಂಡು ಡಾಲರೈಟ್ ಎಂಬ ಕಪ್ಪು ಕಲ್ಲಿನ ಗೋಡೆಗಳು ಎದ್ದಿವೆ. ನವಶಿಲಾಯುಗದ ಜನ ಕೊಡಲಿ ಮಾಡಿದ್ದು ಈ ಕಪ್ಪು ಕಲ್ಲಿನಿಂದ.

ಬಳ್ಳಾರಿ ಪಕ್ಕದ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳು ಇಂಥ ಕೊಡಲಿಗಳ ದೊಡ್ಡ ಕಮ್ಮಟವಾಗಿದ್ದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ 19ನೆಯ ಶತಮಾನದಲ್ಲಿ ಇವನ್ನು ಗುರುತಿಸಿದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲಿನ ಅವರ ಗ್ರಂಥ 1895ರಲ್ಲಿ ಹೊರಬಂತು. ಬಿ. ಸುಬ್ಬರಾವ್ 1940ರ ದಶಕದಲ್ಲಿ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. 2000ದ ಈಚೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಬ್ರಿಟನ್ನಿನ ಸಂಶೋಧಕರು ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಕೊಡಲಿ ತಯಾರಿಸುತ್ತಿದ್ದ ಜಾಗವನ್ನು ವಿವರವಾಗಿ ಅಗೆದು ನೋಡಿದರು. ಕ್ರಿ.ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ ಅಲ್ಲಿ ಕೆಲಸ ಭರದಿಂದ ಸಾಗಿತ್ತು.

ಕೆಲಸಕ್ಕೆ ನಾಲ್ಕು ಹಂತ. ಡಾಲರೈಟ್ ತುಂಡಿನಿಂದ ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಉಬ್ಬುತಗ್ಗನ್ನು ಕುಟ್ಟಿ ಸಮ ಮಾಡುವುದು, ಬಂಡೆಯ ಮೇಲೆ ಉಜ್ಜುವುದು, ಕೊನೆಗೆ ಬಾಯಿಗೆ ನುಣುಪು ತರುವುದು. ಗುಡ್ಡದ ಬಂಡೆಗಳ ಮೇಲೆ ದೋಣಿಯಂತೆ ನಡುವೆ ಇಳಿದ ಗುಳಿಗಳು ಇಂದಿಗೂ ಉಳಿದಿವೆ. ಗುಳಿಯ ಒಳಮೈಗೆ ಅಂಗೈ ತಾಗಿಸಿದರೆ ಗಾಜಿನಷ್ಟು ನುಣುಪು, ಅಂಚಿನಿಂದ ಆಚೆ ಒರಟು ಗ್ರಾನೈಟ್. ಕೊಡಲಿ ಸವೆದಂತೆಲ್ಲ ಬಂಡೆಯೂ ಸವೆದಿದೆ.

ಗ್ರಾನೈಟಿನ ಮೇಲೆ ಡಾಲರೈಟ್ ಸವೆಯಲು ಕಾರಣ ಬೆಣಚು. ಖನಿಜಗಳ ಗಟ್ಟಿತನವನ್ನು ಒಂದರಿಂದ ಹತ್ತರವರೆಗೆ ಎಣಿಸುವ ಮೋಸ್ ಮಾಪನದಲ್ಲಿ ಬೆಣಚು ಏಳನೆಯದು. ಡಾಲರೈಟಿನ ಮುಖ್ಯ ಖನಿಜಗಳು ಐದು–ಆರರ ಆಸುಪಾಸಿನವು. ಗ್ರಾನೈಟಿನಲ್ಲಿ ಕಾಲು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಬೆಣಚು ಇರುವುದರಿಂದ ಬಂಡೆಯೇ ಸಾಣೆಯಾಯಿತು. ಕೊಡಲಿಗೆ ಮೊನೆ ಕೊಟ್ಟ ಇದೇ ಬೆಣಚು ಮುಂದೆ ಯಂತ್ರದ ಕಾಲದಲ್ಲಿ ದೂಳಾಗಿ ಪುಪ್ಪುಸಕ್ಕೆ ಇಳಿಯಲಿತ್ತು.

ತಿರುಗಿಸಿ ಕಡೆದ ಕಂಬ

ಹೊಳಪಿನ ಎರಡನೆಯ ಯುಗ ಕಲ್ಯಾಣದ ಚಾಲುಕ್ಯರದು. ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿ, ಮಾಗಳ, ಅಂಬಳಿಯ ದೇವಾಲಯಗಳು ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದವರೆಗಿನ ಕೆಲಸಕ್ಕೆ ಸಾಕ್ಷಿ. ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಅಲೆಕ್ಸಾಂಡರ್ ರೀ ಇವುಗಳ ನಕ್ಷೆ ತೆಗೆದು, ಚಾಲುಕ್ಯ ವಾಸ್ತುವಿನ ಮೇಲಿನ ತಮ್ಮ ಗ್ರಂಥವನ್ನು 1896ರಲ್ಲಿ ಪ್ರಕಟಿಸಿದರು.

ಇಲ್ಲಿಯ ಶಿಲ್ಪಿಗಳು ಊರಿನ ಗ್ರಾನೈಟನ್ನು ಬಿಟ್ಟು ಬಳಪದ ಕಲ್ಲಿನ ಜಾತಿಯ ಮೆತ್ತನೆಯ ಪದರುಗಲ್ಲನ್ನು ಆರಿಸಿಕೊಂಡರು. ಅದರಲ್ಲಿರುವ ಕ್ಲೋರೈಟ್, ಟಾಲ್ಕ್ ಖನಿಜಗಳ ಗಟ್ಟಿತನ ಒಂದರಿಂದ ಎರಡೂವರೆ ಮಾತ್ರ. ಉಳಿಗೆ ಬೆಣ್ಣೆಯಂತೆ ಒದಗುವ ಈ ಕಲ್ಲನ್ನು ಕಡೆಯಲೂಬಹುದು. ನವರಂಗದ ಕಂಬಗಳ ನಡುಭಾಗದಲ್ಲಿ ಗಂಟೆ, ಕುಂಭ, ತಟ್ಟೆಯ ಆಕಾರಗಳು ಒಂದರ ಮೇಲೊಂದು ಕೂತಿವೆ. ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟರೆ ಕೆಲವು ಕಂಬಗಳ ಸುತ್ತ ಒಂದೇ ಸಮನೆ ಓಡುವ ಕೂದಲೆಳೆಯ ಗೆರೆಗಳು ಕಾಣುತ್ತವೆ. ಒರಟಾಗಿ ತಯಾರಾದ ಕಂಬವನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸುತ್ತ ಉಳಿ ಹಿಡಿದಿದ್ದರೆಂದು ಹಲವು ವಿದ್ವಾಂಸರು ಇದರಿಂದ ಊಹಿಸುತ್ತಾರೆ. ಈ ಊಹೆ ಸರಿಯಿದ್ದರೆ, ಉಪಕರಣ ಓಡಾಡುವ ಬದಲು ಕಲ್ಲೇ ತಿರುಗಿದ್ದು ಈ ಕಾಲದ ಹೊಸತು.

ವಿಜಯನಗರದ ಕಾಲಕ್ಕೆ ಮತ್ತೆ ಗ್ರಾನೈಟ್ ಬಂತು. ದೊಡ್ಡ ಕಟ್ಟಡಕ್ಕೆ ಕಲ್ಲು ಹೇರಳವಾಗಿ ಬೇಕಿತ್ತು, ಅದು ಕಾಲಡಿಯಲ್ಲೇ ಇತ್ತು. ಆದರೆ ಕೈಯಿಂದ ಗ್ರಾನೈಟಿಗೆ ಕನ್ನಡಿ ಹೊಳಪು ತರುವುದು ದುಬಾರಿ ಕೆಲಸ. ಗೋಪುರಗಳಿಗೆ ಗಾರೆ ಬಂತು. ಹೊಳಪು ಬೇಕಾದ ಕಡೆ ಬೇರೆ ಕಲ್ಲನ್ನೇ ತರಿಸಿದರು. ಹಂಪಿಯ ಹಜಾರರಾಮ ದೇವಾಲಯದ ಒಳಗಿನ ನಾಲ್ಕು ಕಪ್ಪು ಕಂಬಗಳು ಇದಕ್ಕೆ ಉದಾಹರಣೆ.

ನೆಲದ ಹೊಳಪು

ದೇವಾಲಯದ ಕಂಬ ಹೊಳೆಯುತ್ತಿದ್ದಾಗಲೂ ಸಾಮಾನ್ಯರ ಮನೆಯ ನೆಲ ಸೆಗಣಿ ಸಾರಿಸಿದ ಮಣ್ಣಿನದಾಗಿತ್ತು. ಉಳ್ಳವರ ಮನೆಗೆ ಗಚ್ಚಿನ ನೆಲ. ಎತ್ತು ಎಳೆಯುವ ಗಾಣದಲ್ಲಿ ಸುಣ್ಣ, ಮರಳು ಅರೆದು, ಹಾಸಿ, ಹಸಿಯಿರುವಾಗಲೇ ಉಂಡೆಗಲ್ಲಿನಿಂದ ಉಜ್ಜಿ ನಯ ಮಾಡುತ್ತಿದ್ದರು. ಸಿಮೆಂಟ್ ಬಂದ ಮೇಲೆ ಕಬ್ಬಿಣದ ಆಕ್ಸೈಡ್ ಬೆರೆಸಿದ ಕೆಂಪು ನೆಲ ಬಂತು. ಅದರ ಹೊಳಪು ಕರಣೆಯ ಕೆಲಸ, ಆಮೇಲೆ ಎಣ್ಣೆ ಬಟ್ಟೆಯ ಕೆಲಸ. ಕಡಪ, ಶಹಾಬಾದ್ ಕಲ್ಲುಗಳು ಹೆಜ್ಜೆ ಸವೆತದಿಂದಲೇ ನಯವಾದವು.

ಯಂತ್ರ ಬಂದದ್ದು ಮೊಸಾಯಿಕ್ ನೆಲದ ಜೊತೆ. ಅದಕ್ಕೆ ಎರಡು ಸಂಗತಿ ಕೂಡಿಬರಬೇಕಿತ್ತು. ಮೊದಲನೆಯದು ಕೃತಕ ಸಾಣೆ. ಅಲ್ಲಿಯವರೆಗೆ ಸಾಣೆಚಕ್ರ ಎಂದರೆ ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಎರಕ ಹೊಯ್ದದ್ದು. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ತಯಾರಿಸಿ ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಗಟ್ಟಿತನ ಒಂಬತ್ತಕ್ಕೂ ಮೇಲು. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಆರಂಭವಾಯಿತು. ಎರಡನೆಯದು ಕರೆಂಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನ ವಿದ್ಯುದಾಗಾರಗಳು ತಿರುಗತೊಡಗಿದವು.

ಮೊಸಾಯಿಕ್ ನೆಲವನ್ನು ಮೂರು ಸಲ ನೀರು ಹಾಕಿ ಅರೆಯುತ್ತಿದ್ದರು: 60, 120, 320ನೆಯ ನಂಬರಿನ ಕಲ್ಲುಗಳಿಂದ. ನಡುನಡುವೆ ಸಣ್ಣ ತೂತುಗಳಿಗೆ ಸಿಮೆಂಟ್ ತಿಳಿ ತುಂಬಿ, ಒದ್ದೆಯಿಟ್ಟು, ಗಟ್ಟಿಯಾದ ಮೇಲೆ ಮುಂದಿನ ಸುತ್ತು. ಕೊನೆಗೆ ಚದರ ಮೀಟರಿಗೆ 33 ಗ್ರಾಂ ಲೆಕ್ಕದಲ್ಲಿ ಆಕ್ಸಾಲಿಕ್ ಆಮ್ಲದ ಪುಡಿ ಚೆಲ್ಲಿ, ಗೋಣಿ ಅಥವಾ ಉಣ್ಣೆಯ ದಿಂಡಿನಿಂದ ಉಜ್ಜಿದರೆ ಕೆಲಸ ಮುಗಿಯಿತು. ಯಂತ್ರ ಭಾರವಾಗಿತ್ತು, ನಿಧಾನವಾಗಿತ್ತು, ಸದಾ ಒದ್ದೆಯಲ್ಲಿ ಓಡುತ್ತಿತ್ತು. ನೆಲದ ತುಂಬ ಬೂದುಬಣ್ಣದ ಕೆಸರು ಹರಿದರೂ ದೂಳು ಏಳುತ್ತಿರಲಿಲ್ಲ.

ಕೈಯಂತ್ರದ ವೇಗ

1954ರಲ್ಲೇ ಜರ್ಮನಿಯ ಫ್ಲೆಕ್ಸ್ ಕಂಪನಿ ಅತಿವೇಗದ ಕೋನ ಗ್ರೈಂಡರನ್ನು ಹೊರತಂದಿತು. ಗ್ರಾನೈಟ್ ಹಾಸು, ಅಡುಗೆಕಟ್ಟೆ, ಮೆಟ್ಟಿಲು ಸಾಮಾನ್ಯವಾದ ಮೇಲೆ ಈ ಯಂತ್ರ ಕರ್ನಾಟಕದ ಹಾರ್ಡ್‌ವೇರ್ ಅಂಗಡಿಗಳಿಗೂ ಬಂತು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ಲೆಕ್ಕದಲ್ಲಿ ಬಿಲ್ಲೆಯ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಹೊಳಪಿಗೆಂದೇ ಮಾಡಿದ ಪಾಲಿಷರ್ ಇದಕ್ಕಿಂತ ಬಹಳ ನಿಧಾನ: ಸಾಮಾನ್ಯವಾಗಿ 600ರಿಂದ 3,000 ಸುತ್ತು, ವೇಗ ಬದಲಿಸುವ ಗುಂಡಿ ಸಹಿತ. ಮನೆಯಲ್ಲಿ ನಡೆಯುವ ಅವಘಡಗಳಿಗೆ ಒಂದು ಕಾರಣ ಈ ಎರಡನ್ನೂ ಒಂದೇ ಎಂದು ಭಾವಿಸಿ ಗ್ರೈಂಡರಿಗೆ ಬಫಿಂಗ್ ಪ್ಯಾಡ್ ಸಿಕ್ಕಿಸುವುದು. ಆ ವೇಗಕ್ಕೆ ಪ್ಯಾಡ್ ಕಾದು ಅಂಟು ಬಿಟ್ಟು ಹಾರುತ್ತದೆ. ಬಿಲ್ಲೆ ಅಥವಾ ಪ್ಯಾಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇರಲೇಬಾರದು.

ಗ್ರಾನೈಟಿಗೆ ಇಂದು ಬಳಕೆಯಲ್ಲಿರುವುದು ವಜ್ರದ ಪುಡಿಯ ಪ್ಯಾಡುಗಳು: 50, 100, 200, 400, 800, 1500, 3000. ಹಂತ ಹಾರಿಸಿದರೆ ಹಿಂದಿನ ಗೀರು ಉಳಿಯುತ್ತದೆ, ಅದನ್ನು ಅಳಿಸಲು ಯಂತ್ರವನ್ನು ಒತ್ತಿ ಹಿಡಿಯಬೇಕಾಗುತ್ತದೆ. ಒತ್ತಿದಾಗಲೇ ಯಂತ್ರ ಕೈಯಿಂದ ಜಿಗಿಯುವುದು. ಹಿಡಿ ಎರಡೂ ಕೈಯಲ್ಲಿರಬೇಕು, ಪ್ಯಾಡ್ ಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರಬೇಕು, ತಿರುಗುವುದು ಪೂರ್ತಿ ನಿಂತ ಮೇಲೆ ಕೆಳಗಿಡಬೇಕು. ಅಂಚು, ಮೂಲೆಗಳಲ್ಲಿ ಪ್ಯಾಡ್ ಅಂಚಿನಿಂದ ಹೊರಕ್ಕೆ ಸರಿಯುವಂತೆ ತಿರುಗಬೇಕೇ ಹೊರತು ಅಂಚಿಗೆ ಬಂದು ಬಡಿಯುವಂತಲ್ಲ. ಪ್ಯಾಡ್ ಬದಲಿಸುವ ಮುನ್ನ ಪ್ಲಗ್ ಕೀಳಬೇಕು. ಪಂಚೆ, ಸೆರಗು, ವೇಲು, ಬಿಚ್ಚಿದ ಕೂದಲು, ಕೈಬಳೆ ಯಾವುದೂ ತಿರುಗುವ ಪ್ಯಾಡಿಗೆ ಸಿಗಬಾರದು. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ ಬೇಕು.

ನೀರು, ಕರೆಂಟು ಮತ್ತು ದೂಳು

ಒದ್ದೆಯಲ್ಲಿ ಉಜ್ಜುವ ಹಳೆಯ ಪದ್ಧತಿಗೆ ಕೈಯಂತ್ರದ ಕಾಲದಲ್ಲಿ ಒಂದು ತೊಡಕು ಬಂತು: 230 ವೋಲ್ಟಿನ ಯಂತ್ರ ಒದ್ದೆ ಕೈಯಲ್ಲಿರುತ್ತದೆ. ಸಾಮಾನ್ಯ ಗ್ರೈಂಡರಿಗೆ ನೀರು ಸುರಿಯುವಂತಿಲ್ಲ. ಒದ್ದೆ ಕೆಲಸಕ್ಕೆಂದೇ ಮಾಡಿದ ಯಂತ್ರವಿರಬೇಕು, ಮನೆಯ ಲೈನಿಗೆ 30 ಮಿಲಿಆಂಪಿಯರ್ ಸೋರಿದರೆ ಕರೆಂಟು ಕಡಿತಗೊಳಿಸುವ ಆರ್‌ಸಿಸಿಬಿ ಇರಬೇಕು, ಅರ್ತಿಂಗ್ ಸರಿಯಿರಬೇಕು. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲಿಡದೆ ಎತ್ತರದಲ್ಲಿಟ್ಟು, ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಳ್ಳುವುದು ಅನುಭವಸ್ಥರ ರೂಢಿ. ಟೇಪ್ ಸುತ್ತಿದ ವೈರು ಒದ್ದೆ ನೆಲದ ಮೇಲೆ ಸಲ್ಲದು.

ಕರೆಂಟಿಗೆ ಹೆದರಿ ನೀರಿಲ್ಲದೆ ಉಜ್ಜಿದರೆ ದೂಳು. ಹಿರೇಗುಡ್ಡದ ಗುಳಿಯಲ್ಲಿ ಕೈವೇಗಕ್ಕೆ ಮೆಲ್ಲಗೆ ಉದುರುತ್ತಿದ್ದ ಬೆಣಚು ಇಲ್ಲಿ ನಿಮಿಷದೊಳಗೆ ಕೋಣೆ ತುಂಬುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣ ಕಣ್ಣಿಗೆ ಕಾಣದು, ಬೇಗ ಕೆಳಗಿಳಿಯದು, ಪುಪ್ಪುಸದ ಆಳಕ್ಕೆ ಹೋಗಿ ಕೂರುತ್ತದೆ. ಇದರಿಂದ ಬರುವ ಸಿಲಿಕೋಸಿಸ್ ಅನ್ನು 1948ರ ಕಾರ್ಖಾನೆಗಳ ಕಾಯ್ದೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಅದನ್ನು ಗುಣಪಡಿಸುವ ಮದ್ದಿಲ್ಲ. ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ಮಾಡುವ ಕ್ವಾರ್ಟ್ಜ್ ಹಾಸುಗಳಲ್ಲಿ ಸಿಲಿಕಾ ಶೇ. 90ಕ್ಕೂ ಮೀರಬಹುದು, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನು ನಿಷೇಧಿಸಿದ್ದು ಈ ಕಾರಣಕ್ಕೆ. ಮೂಗಿಗೆ ಕಟ್ಟಿದ ಟವೆಲ್ ಈ ಕಣವನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್–95 ದರ್ಜೆಯ ಮಾಸ್ಕ್ ಬೇಕು. ಮಕ್ಕಳು, ವೃದ್ಧರು ಆ ಕೋಣೆಯಿಂದ ದೂರವಿರಬೇಕು. ಕೆಸರನ್ನು ಒಣಗಿಸಿ ಗುಡಿಸಿದರೆ ಅದೂ ದೂಳೇ. ಒದ್ದೆಯಿರುವಾಗಲೇ ಬಳಿದು ತೆಗೆಯಬೇಕು.

ಉಳಿದದ್ದು ಮೆರುಗಿನ ಪದಾರ್ಥಗಳು. ಆಕ್ಸಾಲಿಕ್ ಆಮ್ಲ ವಿಷ, ಚರ್ಮವನ್ನೂ ಸುಡುತ್ತದೆ. ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ, ತಿಂಡಿಯ ಡಬ್ಬಿಯಲ್ಲಿ ಇಡುವಂತಿಲ್ಲ. ಇದೇ ಯಂತ್ರವನ್ನು ಮರಕ್ಕೂ ಬಳಸುವುದಾದರೆ, ಅಗಸೆ ಎಣ್ಣೆ ಹಾಕಿ ಬಫ್ ಮಾಡಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಿಡಬೇಕು.