ಬಾರ್ತೊಲೊಮಾಯನು ಯಾರು?

ರೋಮ್ ನಗರದ ವ್ಯಾಟಿಕನ್ ಅರಮನೆಗೆ ಸೇರಿದ ಸಿಸ್ಟೈನ್ ಪ್ರಾರ್ಥನಾಮಂದಿರದಲ್ಲಿ, ಮೈಕೆಲೇಂಜಲೊ 1541ರಲ್ಲಿ ಮುಗಿಸಿದ ಅಂತಿಮ ನ್ಯಾಯತೀರ್ಪಿನ ಭಿತ್ತಿಚಿತ್ರವೊಂದುಂಟು. ಅದರಲ್ಲಿ ಕ್ರಿಸ್ತನ ಪಾದದ ಬಳಿ ಒಬ್ಬ ವೃದ್ಧನು ಕುಳಿತಿದ್ದಾನೆ. ಅವನ ಒಂದು ಕೈಯಲ್ಲಿ ಚೂರಿ, ಇನ್ನೊಂದು ಕೈಯಲ್ಲಿ ಸುಲಿದ ಮನುಷ್ಯಚರ್ಮ. ಜೀವಂತವಾಗಿಯೇ ಚರ್ಮವನ್ನು ಸುಲಿಯಿಸಿಕೊಂಡು ಪ್ರಾಣಬಿಟ್ಟನೆಂದು ಹೇಳಲಾಗುವ ಅಪೊಸ್ತಲ ಬಾರ್ತೊಲೊಮಾಯನು ಅವನು. ಆದರೆ ಆ ಚರ್ಮದ ಮೇಲಿನ ಮುಖ ಅವನದಲ್ಲ. ಅದು ಚಿತ್ರಕಾರನ ಸ್ವಂತ ಮುಖವೆಂದು ಅನೇಕ ವಿಮರ್ಶಕರ ಮತ. ತನ್ನ ಚರ್ಮದಲ್ಲಿಯೂ ಪರರ ಮುಖವನ್ನು ಹೊತ್ತಿರುವ ಈ ಮಹನೀಯನು ನಿಜವಾಗಿ ಯಾರೆಂಬ ಪ್ರಶ್ನೆಯನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ. ಅವನ ಹೆಸರಿನೊಡನೆ ನಮ್ಮ ದೇಶದ ಹೆಸರೂ ಬಹುಕಾಲದಿಂದ ಸೇರಿಬಂದಿರುವುದರಿಂದ ಈ ವಿಚಾರ ನಮಗೆ ತೀರ ಹೊರಗಿನದಲ್ಲ.

ಮೊದಲು ಮೂಲಸಾಕ್ಷ್ಯವನ್ನು ನೋಡಬೇಕು. ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಪಟ್ಟಿ ಹೊಸ ಒಡಂಬಡಿಕೆಯಲ್ಲಿ ನಾಲ್ಕು ಕಡೆ ಬರುತ್ತದೆ: ಮತ್ತಾಯ, ಮಾರ್ಕ, ಲೂಕ ಎಂಬ ಮೂರು ಸುವಾರ್ತೆಗಳಲ್ಲಿ, ಮತ್ತು ಅಪೊಸ್ತಲರ ಕೃತ್ಯಗಳಲ್ಲಿ. ನಾಲ್ಕರಲ್ಲಿಯೂ ಬಾರ್ತೊಲೊಮಾಯನಿದ್ದಾನೆ. ಅಷ್ಟಕ್ಕೇ ಮುಗಿಯಿತು! ಅವನು ಆಡಿದ ಒಂದು ಮಾತಿಲ್ಲ, ಮಾಡಿದ ಒಂದು ಕಾರ್ಯವಿಲ್ಲ, ಹುಟ್ಟಿದ ಊರಿನ ಸುಳಿವೂ ಇಲ್ಲ.

ಇನ್ನು ಆ ಹೆಸರಾದರೂ ಹೆಸರೇ? ಅರಮೀಯ ಭಾಷೆಯಲ್ಲಿ ‘ಬಾರ್’ ಎಂದರೆ ಮಗ. ‘ಬಾರ್ ತಲ್ಮಾಯ’ ಎಂದರೆ ತಲ್ಮಾಯನ ಮಗ. ನಮ್ಮ ಕಾವ್ಯಗಳಲ್ಲಿ ಬರುವ ‘ದಾಶರಥಿ’ಯಂತೆ ಇದು ತಂದೆಯಿಂದ ಬಂದ ಹೆಸರು. ರಾಮಾಯಣದ ಕಥೆ ಅಳಿದು ‘ದಾಶರಥಿ’ ಎಂಬ ಮಾತೊಂದೇ ಉಳಿದಿದ್ದರೆ, ದಶರಥನ ನಾಲ್ವರು ಮಕ್ಕಳಲ್ಲಿ ಅವನು ಯಾರೆಂದು ಹೇಳುವವರಾರು? ಬಾರ್ತೊಲೊಮಾಯನ ಸ್ಥಿತಿ ಇಂಥದು. ಅಪೊಸ್ತಲರಲ್ಲಿ ಅಗ್ರಗಣ್ಯನಾದ ಸೀಮೋನ ಪೇತ್ರನಿಗೂ ‘ಬಾರ್ ಯೋನ’ ಎಂಬ ಹೆಸರುಂಟು; ಆದರೆ ಅವನ ಸ್ವಂತ ಹೆಸರು ಉಳಿದಿದೆ, ಇವನದು ಉಳಿದಿಲ್ಲ.

ಹಾಗಾದರೆ ಇವನ ಸ್ವಂತ ಹೆಸರು ಬೇರೆಲ್ಲಿಯಾದರೂ ಅಡಗಿದೆಯೆ? ಅಡಗಿದೆಯೆಂದು ಬಹುಮಂದಿ ವಿದ್ವಾಂಸರು ಊಹಿಸಿದ್ದಾರೆ. ನಾಲ್ಕನೆಯದಾದ ಯೋಹಾನನ ಸುವಾರ್ತೆಯಲ್ಲಿ ನತಾನಯೇಲನೆಂಬೊಬ್ಬನು ಬರುತ್ತಾನೆ. ಗಲಿಲಾಯದ ಕಾನಾ ಊರಿನವನು. ಅವನನ್ನು ಯೇಸುವಿನ ಬಳಿಗೆ ಕರೆತಂದವನು ಫಿಲಿಪ್ಪನು. ನಜರೇತಿನಂಥ ಊರಿನಿಂದ ಒಳ್ಳೆಯದೇನು ಬಂದೀತೆಂದು ಮೊದಲು ಮೂಗು ಮುರಿದವನು, ಮರುಗಳಿಗೆಯಲ್ಲಿಯೇ ಯೇಸುವನ್ನು ದೇವಕುಮಾರನೆಂದು ಒಪ್ಪಿಕೊಂಡನು. ಪುನರುತ್ಥಾನದ ಬಳಿಕ ತಿಬೇರಿಯದ ಸರೋವರದ ದಡದಲ್ಲಿ ಪೇತ್ರ, ತೋಮ ಮೊದಲಾದವರ ಜೊತೆಯಲ್ಲಿಯೂ ಅವನಿದ್ದನು. ಇಷ್ಟು ಹತ್ತಿರದವನಾದ ನತಾನಯೇಲನ ಹೆಸರನ್ನು ಉಳಿದ ಮೂರು ಸುವಾರ್ತೆಗಳು ಎತ್ತುವುದೇ ಇಲ್ಲ. ಯೋಹಾನನು ಬಾರ್ತೊಲೊಮಾಯನ ಹೆಸರನ್ನು ಎತ್ತುವುದಿಲ್ಲ. ಮೂರು ಸುವಾರ್ತೆಗಳ ಪಟ್ಟಿಗಳಲ್ಲಿ ಫಿಲಿಪ್ಪನ ಹಿಂದೆಯೇ ಬಾರ್ತೊಲೊಮಾಯನು ಬರುತ್ತಾನೆ. ಆದಕಾರಣ ಇಬ್ಬರೂ ಒಬ್ಬನೇ, ತಲ್ಮಾಯನ ಮಗನಾದ ನತಾನಯೇಲನು, ಎಂಬುದು ವಾದ.

ಕೇಳುವುದಕ್ಕೆ ಸೊಗಸಾದ ವಾದವೇ ಸರಿ. ಆದರೆ ಇದನ್ನು ಸ್ಪಷ್ಟವಾಗಿ ಹೇಳುವ ಲೇಖಕರು ಬಹಳ ತಡವಾಗಿ ಕಾಣಿಸಿಕೊಳ್ಳುತ್ತಾರೆ; ಒಂಬತ್ತನೆಯ ಶತಮಾನದ ಸಿರಿಯಕ್ ವ್ಯಾಖ್ಯಾನಕಾರನಾದ ಮೆರ್ವಿನ ಇಶೋದಾದನು ಅವರಲ್ಲೊಬ್ಬನು. ಅದಕ್ಕೆ ನಾನೂರು ವರ್ಷಗಳಿಗೂ ಹಿಂದೆ ಇದ್ದ ಸಂತ ಅಗಸ್ಟೀನನು, ನತಾನಯೇಲನು ಹನ್ನೆರಡು ಮಂದಿಯಲ್ಲಿ ಸೇರಿದವನೇ ಅಲ್ಲವೆಂದಿದ್ದಾನೆ. ಅವನು ಧರ್ಮಶಾಸ್ತ್ರವನ್ನು ಬಲ್ಲವನಾಗಿದ್ದನು, ಯೇಸುವಾದರೋ ಪಾಮರರನ್ನೇ ಆರಿಸಿಕೊಂಡನು ಎಂಬುದು ಅವನು ಕೊಟ್ಟ ಕಾರಣ. ಎರಡನೆಯ ಶತಮಾನದ ‘ಅಪೊಸ್ತಲರ ಪತ್ರಿಕೆ’ ಎಂಬ ಬರಹವೊಂದು ಇಬ್ಬರನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಆದರೆ ಅದೇ ಬರಹವು ಪೇತ್ರನನ್ನೂ ಕೇಫನನ್ನೂ ಇಬ್ಬರೆಂದು ಎಣಿಸಿದೆ. ಅವೆರಡೂ ಒಬ್ಬನ ಹೆಸರೇ ಎಂದು ಯೋಹಾನನ ಸುವಾರ್ತೆಯೇ ಸಾರುತ್ತದೆ. ಹೀಗೆ ಸಾಕ್ಷಿಯನ್ನು ಕರೆದರೆ ಸಾಕ್ಷಿಯೇ ಎಡವುತ್ತಾನೆ.

ಇನ್ನು ಭಾರತದ ವಿಚಾರ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ಯಾಶಾಲೆಗೆ ಪಂಟೇನಸ್ ಎಂಬ ಪಂಡಿತನು ಮುಖ್ಯನಾಗಿದ್ದನು. ಅವನು ಇಂಡಿಯಾಕ್ಕೆ ಹೋದನೆಂದೂ, ಬಾರ್ತೊಲೊಮಾಯನು ಬಿಟ್ಟುಹೋಗಿದ್ದ ಮತ್ತಾಯನ ಸುವಾರ್ತೆಯನ್ನು ಹೀಬ್ರೂ ಅಕ್ಷರಗಳಲ್ಲಿ ಅಲ್ಲಿ ಕಂಡನೆಂದೂ ಯೂಸೀಬಿಯಸನು ನಾಲ್ಕನೆಯ ಶತಮಾನದ ಆದಿಯಲ್ಲಿ ಬರೆದನು. ಆದರೆ ಆ ಎಚ್ಚರಿಕೆಯ ಇತಿಹಾಸಕಾರನು ‘ಹೀಗೆ ಹೇಳುತ್ತಾರೆ’ ಎಂಬರ್ಥದ ಮಾತನ್ನು ಸೇರಿಸಲು ಮರೆಯಲಿಲ್ಲ. ಮುಂದೆ ಜೆರೋಮನು, ಪಂಟೇನಸನು ಬ್ರಾಹ್ಮಣರಿಗೆ ಉಪದೇಶಮಾಡಲು ಹೋದನೆಂದು ಬರೆದನು.

ಪ್ರಯಾಣವು ಅಸಂಭವವಲ್ಲ. ಈಜಿಪ್ಟಿನ ಹಡಗುಗಳು ಕೆಂಪು ಸಮುದ್ರವನ್ನು ದಾಟಿ, ಮಾನ್ಸೂನ್ ಗಾಳಿಯನ್ನು ಹಿಡಿದು, ಮೆಣಸಿಗಾಗಿ ಮುಸಿರಿಸ್ ರೇವಿಗೆ ಬರುತ್ತಿದ್ದುದು ನಿಸ್ಸಂದೇಹ. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ನಮ್ಮ ಶಾಮಶಾಸ್ತ್ರಿಗಳು ವಾದಿಸಿದುದನ್ನು ಬಲ್ಲವರು ಬಲ್ಲರು. ಆ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಮುಂಬಯಿಯ ಬಳಿಯ ಕಲ್ಯಾಣವೇ ಬಾರ್ತೊಲೊಮಾಯನ ಕ್ಷೇತ್ರವೆಂದು ಕೆಲವರು ಹೇಳಿದ್ದಾರೆ. ಆದರೆ ತೋಮನಿಗೆ ಮಲಬಾರಿನ ಕ್ರೈಸ್ತರಲ್ಲಿರುವಂಥ ಜೀವಂತ ಪರಂಪರೆ ಇವನಿಗೆ ಅಲ್ಲಿಲ್ಲ.

ಅಲ್ಲದೆ ಆ ಕಾಲದ ಗ್ರೀಕರ ‘ಇಂಡಿಯಾ’ ಎಂಬ ಮಾತು ಸಡಿಲವಾದ ಅಂಗಿಯಂತೆ. ಇಥಿಯೋಪಿಯಕ್ಕೂ ತೊಡಿಸುತ್ತಿದ್ದರು, ದಕ್ಷಿಣ ಅರೇಬಿಯಕ್ಕೂ ತೊಡಿಸುತ್ತಿದ್ದರು. ಬಾರ್ತೊಲೊಮಾಯನ ಇಂಡಿಯಾ ಇಥಿಯೋಪಿಯಕ್ಕೆ ಹೊಂದಿಕೊಂಡಿತ್ತೆಂದು ರುಫೀನಸನೂ ಸಾಕ್ರಟೀಸನೆಂಬ ಸಭಾಚರಿತ್ರಕಾರನೂ ಬರೆದಿದ್ದಾರೆ. ಹೀಬ್ರೂ ಅಕ್ಷರವನ್ನು ಓದಬಲ್ಲ ಯೆಹೂದ್ಯರು ಅರೇಬಿಯದಲ್ಲಿ ನೆಲೆಸಿದ್ದರು. ‘ಮಾರ್ ತೋಮ’ ಎಂಬುದನ್ನೇ ಪಂಟೇನಸನು ‘ಬಾರ್ ತಲ್ಮಾಯ’ ಎಂದು ಕೇಳಿರಬಹುದೆಂದು ಶಂಕಿಸಿದವರೂ ಉಂಟು.

ಅತ್ತ ಆರ್ಮೀನಿಯದ ಸಭೆಯು ತದ್ದಾಯ ಬಾರ್ತೊಲೊಮಾಯರಿಬ್ಬರನ್ನೂ ತನ್ನ ಮೂಲಪುರುಷರೆಂದು ಪೂಜಿಸುತ್ತದೆ. ಅವನು ಮಡಿದ ಬಗೆಯಲ್ಲಿಯೂ ಕಥೆಗಳು ಹಲವು: ಚರ್ಮ ಸುಲಿದರೆಂದು ಒಂದು, ಶಿಲುಬೆಗೇರಿಸಿದರೆಂದು ಒಂದು, ತಲೆ ಕಡಿದರೆಂದು ಮತ್ತೊಂದು. ಅವನದೆನ್ನುವ ಅಸ್ಥಿಗಳು ಸಿಸಿಲಿಯ ಬಳಿಯ ಲಿಪಾರಿ ದ್ವೀಪದಲ್ಲಿದ್ದು, ಒಂಬತ್ತನೆಯ ಶತಮಾನದಲ್ಲಿ ಇಟಲಿಯ ಬೆನೆವೆಂಟೊ ನಗರಕ್ಕೆ ಬಂದವು; ಅವು ಈಗ ತಮ್ಮಲ್ಲಿವೆಯೆಂದು ಆ ನಗರವೂ ರೋಮಿನ ಟೈಬರ್ ದ್ವೀಪದ ದೇವಾಲಯವೂ ಹೇಳಿಕೊಳ್ಳುತ್ತವೆ. ಲಂಡನ್ನಿನಲ್ಲಿ 1123ರಲ್ಲಿ ಸ್ಥಾಪಿತವಾದ ಆಸ್ಪತ್ರೆಗೆ ಅವನ ಹೆಸರು. 1572ರ ಆಗಸ್ಟ್ 24ರಂದು, ಅವನ ಹಬ್ಬದ ದಿನವೇ, ಪ್ಯಾರಿಸಿನಲ್ಲಿ ಆರಂಭವಾದ ಪ್ರಾಟೆಸ್ಟಂಟರ ಕಗ್ಗೊಲೆಗೂ ಅವನದೇ ಹೆಸರು. ಏನನ್ನೂ ನುಡಿಯದವನ ಹೆಸರಿನಲ್ಲಿ ಲೋಕವು ಉಪಕಾರವನ್ನೂ ಮಾಡಿತು, ಘಾತವನ್ನೂ ಮಾಡಿತು.

ಇಂಥ ಸಂದರ್ಭದಲ್ಲಿ ನಮ್ಮ ಧರ್ಮವೇನು? ಅಪೊಸ್ತಲನೊಬ್ಬನು ನಮ್ಮ ಕರಾವಳಿಯಲ್ಲಿ ಕಾಲಿಟ್ಟನೆನ್ನುವುದು ಹೆಮ್ಮೆಯ ಮಾತು. ಆದರೆ ಹೆಮ್ಮೆಯು ಸಾಕ್ಷ್ಯವಲ್ಲ. ಬರಲಿಲ್ಲವೆಂದು ಹೇಳುವುದಕ್ಕೆ ಆಧಾರ ಸಾಲದು. ಬಂದನೆಂದು ಹೇಳುವುದಕ್ಕೂ ಸಾಲದು. ಶ್ರದ್ಧೆಯುಳ್ಳವರು ಅವನನ್ನು ಸ್ಮರಿಸಲು ಇದರಿಂದ ಅಡ್ಡಿಯೇನೂ ಇಲ್ಲ. ಚರಿತ್ರಕಾರನು ಮಾತ್ರ ತಿಳಿದುದಕ್ಕೂ ಬಯಸಿದುದಕ್ಕೂ ನಡುವೆ ಗೆರೆಯನ್ನೆಳೆದು ಅದರ ಈಚೆಗೇ ನಿಲ್ಲಬೇಕು.

ಆ ಗೆರೆಯ ಈಚೆಗೆ ನಿಂತು ನೋಡಿದರೆ ಉಳಿಯುವುದು ಇಷ್ಟೆ: ತಲ್ಮಾಯನೆಂಬ ತಂದೆಗೆ ಮಗನೊಬ್ಬನಿದ್ದನು, ಅವನು ಕರೆ ಬಂದಾಗ ಹೊರಟನು. ಮಗನ ಹೆಸರನ್ನು ಕಾಲವು ನುಂಗಿತು. ತಂದೆಯ ಹೆಸರನ್ನು ಮಾತ್ರ, ಆ ಮಗನ ದೆಸೆಯಿಂದ, ಎರಡು ಸಾವಿರ ವರ್ಷಗಳಾದರೂ ಲೋಕವು ಮರೆತಿಲ್ಲ. ಪಿತೃಋಣವನ್ನು ಇದಕ್ಕಿಂತ ಚೆನ್ನಾಗಿ ತೀರಿಸಿದವರು ವಿರಳ.