ಊರಿಗೆ ಬಂದ ಅಂತರ್ಜಾಲ: ಸೌಲಭ್ಯ, ಹೊಸತನ ಮತ್ತು ಸುರಕ್ಷತೆ



ಊರಿನಲ್ಲಿರುವ ತಂದೆ-ತಾಯಿಯರ ಜೊತೆ ವಿಡಿಯೋದಲ್ಲಿ ಮಾತನಾಡುವುದು, ಅವರ ಕರೆಂಟ್ ಬಿಲ್ಲನ್ನು ಇಲ್ಲಿಂದಲೇ ಕಟ್ಟುವುದು ಇಂದು ನಮಗೆಲ್ಲ ರೂಢಿಯಾಗಿದೆ. ಆದರೆ ಅಂತರ್ಜಾಲ ತೆರೆದ ಬಾಗಿಲಿನಿಂದ ನಾವಷ್ಟೇ ಅಲ್ಲ, ಅಪರಿಚಿತರೂ ಮನೆಯೊಳಗೆ ಬರಬಲ್ಲರು. ತಾಯ್ನಾಡಿನಲ್ಲಿ ಅಂತರ್ಜಾಲ ಹರಡಿದ ಬಗೆ ಹಾಗೂ ಹಿರಿಯರ ಸುರಕ್ಷತೆಗೆ ನಾವು ಮಾಡಬಹುದಾದ ಕೆಲಸಗಳ ಕುರಿತು ಇಲ್ಲಿದೆ ಒಂದು ಕಿರು ಮಾಹಿತಿ.

ಬೆಳೆದು ಬಂದ ದಾರಿ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್! 2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಸೇವೆ ಆರಂಭವಾದ ಮೇಲೆ ಡೇಟಾ ದರ ಕುಸಿಯಿತು. ಕಂಪ್ಯೂಟರನ್ನೇ ಮುಟ್ಟದಿದ್ದ ಹಿರಿಯರ ಕೈಗೆ ನೇರವಾಗಿ ಸ್ಮಾರ್ಟ್‌ಫೋನ್ ಬಂತು. ಇ-ಮೇಲ್, ಸ್ಪ್ಯಾಮ್, ವೈರಸ್ ಎನ್ನುತ್ತಾ ನಾವು ಹತ್ತಾರು ವರ್ಷಗಳಲ್ಲಿ ಕಲಿತ ಎಚ್ಚರವನ್ನು ಅವರು ಒಂದೆರಡು ವರ್ಷದಲ್ಲಿ ಕಲಿಯಬೇಕಾಯಿತು.

ಸೌಲಭ್ಯ ಮತ್ತು ಹೊಸತನ

ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. 2000ದ ದಶಕದ ಆರಂಭದಲ್ಲಿ ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಸಿಗುತ್ತಿದ್ದ ಪಹಣಿಯನ್ನು ಇಂದು ಪರದೇಶದಲ್ಲಿ ಕುಳಿತೇ ನೋಡಬಹುದು.

2016ರಲ್ಲಿ ಬಂದ ಯುಪಿಐ ಇನ್ನೊಂದು ದೊಡ್ಡ ಹೆಜ್ಜೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿದಂತೆ 10 ದೇಶಗಳ ಮೊಬೈಲ್ ಸಂಖ್ಯೆಯನ್ನು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಅನುಮತಿ ದೊರೆಯಿತು.

ಮೋಸ ಎಲ್ಲಿ ನಡೆಯುತ್ತದೆ?

ಯುಪಿಐಗೆ ಎರಡು ಬೀಗಗಳಿವೆ. ಒಂದು, ಆ್ಯಪ್ ಫೋನಿನಲ್ಲಿರುವ ಸಿಮ್‌ಗೆ ಜೋಡಣೆಯಾಗಿರುತ್ತದೆ. ಎರಡು, ಪಿನ್. ಈ ಬೀಗ ಒಡೆಯುವುದು ಕಷ್ಟ. ಆದ್ದರಿಂದ ಮೋಸಗಾರರು ಬೀಗದ ಕೈ ಇರುವವರನ್ನೇ ಹೆದರಿಸುತ್ತಾರೆ. ‘ಡಿಜಿಟಲ್ ಅರೆಸ್ಟ್’ ಇದಕ್ಕೆ ಉದಾಹರಣೆ. ಪೊಲೀಸ್ ವೇಷದವರು ವಿಡಿಯೋ ಕರೆ ಮಾಡಿ, "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಮಕ್ಕಳಿಗೂ ಹೇಳಬೇಡಿ" ಎಂದು ಗಂಟೆಗಟ್ಟಲೆ ಕೂರಿಸುತ್ತಾರೆ. ಕೊನೆಗೆ ಹಣ ಕಳಿಸುವವರು ಖಾತೆದಾರರೇ. ಇಲ್ಲಿ ಯಾವ ಎನ್‌ಕ್ರಿಪ್ಶನ್ ಕೂಡ ಕಾಪಾಡದು. ಇಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ.

ಆಧಾರ್ ಆಧಾರಿತ ಪಾವತಿಯ ಕಥೆ ಬೇರೆ. ಅಲ್ಲಿ ಪಿನ್ ಬೇಡ, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲಿನಿಂದ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ಕೇಳಿಬಂದವು. ಮನೆಯಿಂದಲೇ ದಾಖಲೆ ಪಡೆಯುವ ಅನುಕೂಲವೇ ಇಲ್ಲಿ ಕಳ್ಳರಿಗೂ ದಾರಿಯಾಯಿತು.

ನಾವು ಮಾಡಬೇಕಾದದ್ದು

1. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಇದೊಂದನ್ನು ಅಪ್ಪ-ಅಮ್ಮನಿಗೆ ಮನದಟ್ಟು ಮಾಡಿಸಿ.

2. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅವರ ಬೆರಳಚ್ಚನ್ನು ಲಾಕ್ ಮಾಡಿಸಿ. ಬೇಕಾದಾಗ ತೆರೆಯಬಹುದು.

3. ಭಾರತದ ಬ್ಯಾಂಕುಗಳ ಜಾಲತಾಣಗಳಿಗೆಂದೇ ರಿಸರ್ವ್ ಬ್ಯಾಂಕ್ 2025ರಲ್ಲಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸ ತಂದಿದೆ. ವಿಳಾಸದ ಕೊನೆಯನ್ನು ನೋಡುವ ಅಭ್ಯಾಸ ಮಾಡಿಸಿ.

4. ದೊಡ್ಡ ಮೊತ್ತವನ್ನು ಬೇರೆ ಖಾತೆಯಲ್ಲಿಟ್ಟು, ಯುಪಿಐಗೆ ಸಣ್ಣ ಮೊತ್ತದ ಖಾತೆ ಜೋಡಿಸಿ.

5. ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲೇ ತಡೆಹಿಡಿಯುವುದು ಇದರ ಉದ್ದೇಶ. ಇದು ಭಾರತದೊಳಗಿನ ಸಂಖ್ಯೆ. ಆದ್ದರಿಂದ ನೆರೆಯವರೊಬ್ಬರಿಗೂ ತಿಳಿಸಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. "ಮಕ್ಕಳಿಗೆ ಹೇಳಬೇಡಿ" ಎಂಬ ಮಾತೇ ಮೋಸದ ಗುರುತು. ಇಲ್ಲಿ ನಡುರಾತ್ರಿಯಾಗಿದ್ದರೂ ಸರಿ, ಫೋನ್ ಮಾಡಿ ಎಂದು ಅವರಿಗೆ ಈ ವಾರವೇ ಹೇಳಿ. ಹಣ ಕಳೆದುಕೊಂಡವರನ್ನು ಬೈಯಬೇಡಿ; ಬೈಗುಳದ ಭಯವಿದ್ದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.