ಭಕ್ಷೀಸು ಮತ್ತು ‘ಚಹಾ ಕಾಸು’ ಕುರಿತು ಸಾರ್ವಜನಿಕರ ಮಾಹಿತಿಗಾಗಿ

ವಿವಿಧ ಸೇವೆಗಳನ್ನು ಕೋರಿ ನ್ಯಾಮತಿ ಮತ್ತು ಸುತ್ತಲಿನ ಗ್ರಾಮಗಳಿಂದ ಸರ್ಕಾರಿ ಕಛೇರಿಗಳಿಗೆ ಬರುವ ಅರ್ಜಿದಾರರಲ್ಲಿ ಹಲವರು, ಪ್ರಮಾಣಪತ್ರ ಕೈಸೇರಿದ ನಂತರ ಸಿಬ್ಬಂದಿಗೆ ಹತ್ತಿಪ್ಪತ್ತು ರೂಪಾಯಿ ನೀಡುವುದು ವಾಡಿಕೆಯೆಂದೂ, ನೀಡದಿದ್ದರೆ ಮರ್ಯಾದೆಯಲ್ಲವೆಂದೂ ಭಾವಿಸಿರುತ್ತಾರೆ. ಹೋಟೆಲು, ಕ್ಷೌರದಂಗಡಿಗಳಲ್ಲಿ ನೀಡುವ ಭಕ್ಷೀಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಈ ಕೆಳಗೆ ವಿವರಿಸಲಾಗಿದೆ.

ಖಾಸಗಿ ಸೇವೆಗಳು

ಖಾಸಗಿ ಸೇವೆಗಳಲ್ಲಿ ಭಕ್ಷೀಸು ಗ್ರಾಹಕರ ಇಚ್ಛೆಗೆ ಬಿಟ್ಟ ವಿಷಯವಾಗಿದ್ದು, ಇದಕ್ಕೆ ಸರ್ಕಾರವು ದರ ನಿಗದಿಪಡಿಸಿರುವುದಿಲ್ಲ. ಹಿಂದೆ ಕ್ಷೌರಿಕರು, ಮಡಿವಾಳರು, ಬಡಗಿಗಳು ಮೊದಲಾದವರಿಗೆ ಸುಗ್ಗಿಯಲ್ಲಿ ‘ಆಯ’ವೆಂದು ಧಾನ್ಯ ಅಳೆದು ಕೊಡಲಾಗುತ್ತಿತ್ತು. ಅದು ವರ್ಷದ ದುಡಿಮೆಯ ಪ್ರತಿಫಲವೇ ಹೊರತು ಭಕ್ಷೀಸಲ್ಲ. ಇಂದು ಕ್ಷೌರದಂಗಡಿಯಲ್ಲಿ ಉಳಿದ ಚಿಲ್ಲರೆಯನ್ನು ಬಿಟ್ಟು ಬಂದರೆ ಸಾಕು. ನಿಂತು ತಿನ್ನುವ ದರ್ಶಿನಿಗಳಲ್ಲಿ ಅದರ ಅಗತ್ಯವೂ ಇಲ್ಲ. ಕುಳಿತು ಬಡಿಸಿಕೊಂಡು ಉಣ್ಣುವ ಕಡೆ ಬಿಲ್ಲಿನ ಶೇ. 5ರಿಂದ 10ರಷ್ಟು ಕೊಟ್ಟರೆ ಧಾರಾಳವೇ ಸರಿ. ಆದರೆ ಬಿಲ್ಲಿನಲ್ಲಿಯೇ ‘ಸೇವಾ ಶುಲ್ಕ’ವೆಂದು ಸೇರಿಸಿ ವಸೂಲು ಮಾಡುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಈ ಮಾರ್ಗಸೂಚಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ದೂರುಗಳಿಗೆ 1915ಕ್ಕೆ ಕರೆ ಮಾಡಬಹುದು. (ಜಿ.ಎಸ್.ಟಿ. ಎಂಬುದು ತೆರಿಗೆ, ಅದನ್ನು ಪಾವತಿಸತಕ್ಕದ್ದು.)

ಸರ್ಕಾರಿ ಸೇವೆಗಳು

ಸರ್ಕಾರಿ ಕಛೇರಿಯಲ್ಲಿ ಭಕ್ಷೀಸು ಎಂಬುದೇ ಇರುವುದಿಲ್ಲ. ರಶೀದಿಯಲ್ಲಿ ನಮೂದಾದ ಶುಲ್ಕದ ಮೇಲೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಸಂತೋಷದಿಂದಲೇ ಕೊಡುತ್ತೇವೆ ಎನ್ನುವವರುಂಟು. ಅವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಒಬ್ಬರು ಸಂತೋಷಕ್ಕೆ ಕೊಟ್ಟ ಇಪ್ಪತ್ತು ರೂಪಾಯಿಯು ಸರದಿಯಲ್ಲಿ ಅವರ ಹಿಂದೆ ನಿಂತ, ವೃದ್ಧಾಪ್ಯ ವೇತನಕ್ಕೆ ಬಂದ ಅಜ್ಜಿಗೆ ದರವಾಗಿಬಿಡುತ್ತದೆ. ‘ಮಾಮೂಲು’ ಎಂಬ ಮಾತಿಗೆ ಮೂಲದಲ್ಲಿ ರೂಢಿ ಎಂದಷ್ಟೇ ಅರ್ಥ. ಅದಕ್ಕೆ ಲಂಚವೆಂಬ ಅರ್ಥ ಬಂದದ್ದೂ ಹೀಗೆಯೇ. ಹೆರಿಗೆಯಾದ ಮನೆಯವರಿಂದ ಗಂಡು ಮಗುವಿಗೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಯಾರಾದರೂ ಕೇಳಿದಲ್ಲಿ ಕೊಡತಕ್ಕದ್ದಲ್ಲ. ಕೇಳಿದವರು ಹೊರಗುತ್ತಿಗೆ ನೌಕರರಾಗಿದ್ದರೂ, ಅವರ ಸಂಬಳ ಕಡಿಮೆ ಎಂಬುದು ನಿಜವೇ ಆಗಿದ್ದರೂ, ಅದನ್ನು ತುಂಬಿಕೊಡುವ ಹೊಣೆ ರೋಗಿಯದಲ್ಲ.

ಭ್ರಷ್ಟಾಚಾರ ತಡೆ ಅಧಿನಿಯಮ, 1988ಕ್ಕೆ ತಂದ ತಿದ್ದುಪಡಿಯು 2018ರ ಜುಲೈ 26ರಿಂದ ಜಾರಿಯಲ್ಲಿದೆ. ಸರದಿ ತಪ್ಪಿಸಲು ಅಥವಾ ನಿಯಮ ಮೀರಿ ಕೆಲಸ ಮಾಡಿಸಿಕೊಳ್ಳಲು ಹಣ ಕೊಟ್ಟವರೂ ಇದರನ್ವಯ ಶಿಕ್ಷಾರ್ಹರು. 7 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದಾಗಿದೆ. ಒತ್ತಾಯಕ್ಕೆ ಮಣಿದು ಕೊಟ್ಟವರು 7 ದಿನಗಳೊಳಗಾಗಿ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದಲ್ಲಿ ಅವರಿಗೆ ಈ ಶಿಕ್ಷೆ ಅನ್ವಯಿಸುವುದಿಲ್ಲ. ಈ ಅವಧಿಯನ್ನು ದಯವಿಟ್ಟು ಗಮನಿಸುವುದು. ನ್ಯಾಮತಿ ತಾಲ್ಲೂಕಿನವರು ದಾವಣಗೆರೆಯ ಲೋಕಾಯುಕ್ತ ಪೊಲೀಸರಿಗೆ ದೂರು ನೀಡಬಹುದು.

ಸಕಾಲ ಪರಿಹಾರ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಯು ನಿಗದಿತ ಅವಧಿಯಲ್ಲಿ ದೊರೆಯದಿದ್ದಲ್ಲಿ, ಅರ್ಜಿದಾರರು ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳ ಪರಿಹಾರಕ್ಕೆ ಅರ್ಹರು. ಅಂದರೆ ನಾವು ಕೊಡಬೇಕೆಂದು ತಿಳಿದಿದ್ದ ಅದೇ ಇಪ್ಪತ್ತು ರೂಪಾಯಿಯನ್ನು ಕಾನೂನು ನಮಗೇ ಕೊಡಿಸುತ್ತದೆ. ಇದಕ್ಕಾಗಿ ಅರ್ಜಿ ಸಲ್ಲಿಸಿದ ದಿನವೇ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆದು, ಸೇವೆ ದೊರೆಯುವವರೆಗೆ ಜೋಪಾನವಾಗಿರಿಸಿಕೊಳ್ಳತಕ್ಕದ್ದು.